ಕರ್ನೆಲ್ ಕಡಲಲ್ಲಿ ಈಟಿ ಹಿಡಿದ ಮೊದಲ ದಿನ

ಪ್ರತಿ ಜುಲೈ ಬಂತೆಂದರೆ ಈ ಪತ್ರಿಕೆಯಲ್ಲಿ ಟ್ಯಾಕ್ಸ್ ರಿಟರ್ನ್ ಬಗ್ಗೆ ಒಂದು ಪುಟ ಬರೆಯೋರು ನಾವೇ. ಯಾವ ಖರ್ಚು ತೋರಿಸಬಹುದು, ಯಾವುದು ನಡೆಯೋದಿಲ್ಲ, ಇಂಥ ವಿಷಯ. ಈ ಸಲ ಸಂಪಾದಕರು ಫೋನ್ ಮಾಡಿ, "ಲೆಕ್ಕ ಸಾಕ್ರೀ, ಎಲ್ಲಿಗಾದರೂ ಹೋಗಿ ಬಂದದ್ದು ಬರೀರಿ" ಅಂದರು. ಸಿಡ್ನಿಗೆ ಬಂದು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ನಾವು ಹೋಗಿ ಬಂದದ್ದು ಹೆಚ್ಚಾಗಿ ಆಫೀಸಿಗೆ, ಮಕ್ಕಳ ಶಾಲೆಗೆ, ಇಂಡಿಯನ್ ಅಂಗಡಿಗೆ. ಆದರೆ ಕಳೆದ ವರ್ಷ ಮೇ ತಿಂಗಳ ಒಂದು ಭಾನುವಾರ ಸಮುದ್ರದ ಒಳಗೆ ಹೋಗಿ ಬಂದೆವು, ಅದೂ ಕೈಯಲ್ಲಿ ಈಟಿ ಹಿಡಿದುಕೊಂಡು. ಅದನ್ನೇ ಬರೀತೀವಿ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಇಲ್ಲಿ 'ನಾವು' ಅಂದಲ್ಲೆಲ್ಲ ಒಬ್ಬನೇ ಅಂತ ತಿಳೀರಿ. ಬಾಗಲಕೋಟೆ ಕಡೆ ಒಬ್ಬರೇ ನಿಂತು ಮಾತಾಡಿದರೂ 'ನಾವು ಬಂದೇವಿ, ನಾವು ಉಂಡೇವಿ' ಅನ್ನೋ ರೂಢಿ. ಗೆಳೆಯರು ಜೊತೆಗಿದ್ದಲ್ಲಿ 'ಇಬ್ಬರೂ' ಅಂತ ಬರೀತೀವಿ. ಗೊಂದಲ ಆಗಬಾರದು.

ಗೆಳೆಯರು ಮಲ್ಪೆಯವರು. ಇಲ್ಲಿ ಪೈಪ್ ಫಿಟ್ಟರ್ ಕೆಲಸ. ನಮಗಿಂತ ಏಳೆಂಟು ವರ್ಷ ಚಿಕ್ಕವರು. ಅವರ ಪರಿಚಯವಾದದ್ದೂ ಟ್ಯಾಕ್ಸ್ ರಿಟರ್ನ್ ಮೂಲಕವೇ. ಮೊದಲ ವರ್ಷವೇ ನಮ್ಮಿಬ್ಬರಿಗೂ ಸಣ್ಣ ಜಟಾಪಟಿ ಆಗಿತ್ತು. ಬೂಟು, ಕೈಗವಸು, ಸ್ಪ್ಯಾನರ್ ಎಲ್ಲ ಸೇರಿ 340 ಡಾಲರ್ ಖರ್ಚು ಹೇಳಿದರು, ರಸೀದಿ ಒಂದೂ ಇಲ್ಲ. ಕೆಲಸದ ಖರ್ಚು ಒಟ್ಟು 300 ಡಾಲರ್ ಒಳಗಿದ್ದರೆ ರಸೀದಿ ಇಲ್ಲದೆಯೂ ನಡೆಯುತ್ತಿತ್ತು, ಅದು ದಾಟಿದರೆ ಇಡೀ ಮೊತ್ತಕ್ಕೆ ದಾಖಲೆ ಬೇಕು. "ಬರೀ ನಲವತ್ತು ಡಾಲರ್ ಮಾರಾಯ್ರೆ, ಯಾರು ನೋಡ್ತಾರೆ?" ಅಂತ ಅವರು. ನಾವು ಒಪ್ಪಲಿಲ್ಲ. ಬೂಟಿನ ಲೆಕ್ಕ ತೆಗೆದು ಹಾಕಿದೆವು. ಆಗ ಮುಖ ಸಪ್ಪಗೆ ಮಾಡಿಕೊಂಡು ಹೋದವರು ಮುಂದಿನ ವರ್ಷ ಒಂದು ಫೈಲ್ ತುಂಬ ರಸೀದಿ ಅಂಟಿಸಿಕೊಂಡು ಬಂದರು. ಅಲ್ಲಿಂದ ಸ್ನೇಹ.

ಅವರಿಗೆ ಕಡಲು ಹೊಸದಲ್ಲ. ತಂದೆ ಕೈರಂಪಣಿ ಎಳೆದವರು. ಆದರೆ ಉಸಿರು ಕಟ್ಟಿ ಮುಳುಗಿ, ಮೀನನ್ನು ಕಣ್ಣಾರೆ ನೋಡಿ, ಅದೊಂದನ್ನೇ ಈಟಿಯಿಂದ ಹೊಡೆಯುವ ಈ ಆಟ ಅವರು ಕಲಿತದ್ದು ಇಲ್ಲಿ, ಜೊತೆ ಕೆಲಸ ಮಾಡುವವರಿಂದ. "ಅಪ್ಪ ಜೀವಮಾನ ಇಡೀ ಮೀನು ಹಿಡಿದ್ರು. ನೀರೊಳಗೆ ಮೀನು ಹೇಗೆ ಓಡಾಡ್ತದೆ ಅಂತ ಒಂದು ದಿನವೂ ನೋಡಿದವರಲ್ಲ" ಅಂತ ಒಮ್ಮೆ ಹೇಳಿದ್ದರು. ನಮಗೆ ಆ ಮಾತು ತಲೆಯಲ್ಲೇ ಉಳಿದುಬಿಟ್ಟಿತ್ತು. ಒಂದು ದಿನ ಬಾಯಿ ತಪ್ಪಿ, "ನಮ್ಮನ್ನೂ ಕರಕೊಂಡು ಹೋಗ್ರೀ, ಬಾವಿಯೊಳಗ ಈಜಿ ಬೆಳೆದವರು ನಾವು" ಅಂದುಬಿಟ್ಟೆವು. ಅವರು ಬಿಡಲಿಲ್ಲ.

ನಮ್ಮ ಮನೆಯವರು ಕೇಳಿದ್ದು ಒಂದೇ ಪ್ರಶ್ನೆ. "ನಲವತ್ತಾರಕ್ಕ ಇದೆಲ್ಲ ಬೇಕೇನ್ರಿ?"

ಬೇಕೋ ಬೇಡವೋ, ಮೊದಲು ಲೈಸೆನ್ಸು ಬೇಕು. ನ್ಯೂ ಸೌತ್ ವೇಲ್ಸಿನಲ್ಲಿ ಗಾಳ ಹಾಕುವವರಿರಲಿ, ಈಟಿ ಹಿಡಿಯುವವರಿರಲಿ, ಮೀನುಗಾರಿಕೆ ಶುಲ್ಕ ಕಟ್ಟಬೇಕು. ಮೂರು ದಿನಕ್ಕೆ 7 ಡಾಲರ್, ಒಂದು ತಿಂಗಳಿಗೆ 14, ವರ್ಷಕ್ಕೆ 35. ನಾವು ಮೂರು ದಿನದ್ದು ಕಟ್ಟಿದೆವು. ಎರಡನೇ ಸಲ ಹೋಗುತ್ತೇವೆಂಬ ಧೈರ್ಯ ಆಗ ಇರಲಿಲ್ಲ. ಆಮೇಲೆ ಗೆಳೆಯರು ನಿಯಮಗಳ ಪಟ್ಟಿ ಕಳಿಸಿ, "ಬಾಯಿಪಾಠ ಮಾಡಿ ಬನ್ನಿ" ಅಂದರು. ಪಟ್ಟಿ ಓದೋದು ನಮಗೆ ಹೊಸದಲ್ಲವಲ್ಲ, ಖುಷಿಯಿಂದಲೇ ಓದಿದೆವು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನಿಗೆ ಈಟಿ ಹೊಡೆಯುವಂತಿಲ್ಲ, ಸ್ವಂತ ಉಸಿರಿನ ಮೇಲೆಯೇ ಹೋಗಬೇಕು. ಕೆಲವು ಜಾಗ ಪೂರ್ತಿ ಮುಚ್ಚಿವೆ, ಹೊರಡುವ ಮೊದಲು ನೋಡಿಕೊಳ್ಳಬೇಕು. ಒಂದೊಂದು ಮೀನಿಗೆ ಒಂದೊಂದು ಅಳತೆ. ಬ್ರೀಮ್ 25 ಸೆಂಟಿಮೀಟರ್, ಲೂಡರಿಕ್ 27, ರೆಡ್ ಮೊರ್ವಾಂಗ್ 30. ಅದಕ್ಕಿಂತ ಚಿಕ್ಕದು ಮುಟ್ಟಬಾರದು. ಬ್ಲೂ ಗ್ರೋಪರ್ ಮೀನನ್ನಂತೂ ಈಟಿಯಿಂದ ಹೊಡೆಯುವುದು 1969ರಿಂದಲೇ ನಿಷೇಧ. ಅದು ಈ ರಾಜ್ಯದ ಮೀನು, ನಮ್ಮ ನೀಲಕಂಠ ಹಕ್ಕಿ ಇದ್ದಂಗೆ.

ಆ ಗ್ರೋಪರಿನ ಕತೆ ಇಲ್ಲಿಯವರಿಗೆ ಗೊತ್ತೇ ಇದೆ. 2023ರ ಕೊನೆಯಲ್ಲಿ ಕ್ರೊನಲ್ಲಾದ ಓಕ್ ಪಾರ್ಕ್ ಹತ್ತಿರ ಒಬ್ಬರು ಒಂದು ನೀಲಿ ಗ್ರೋಪರಿಗೆ ಈಟಿ ಹೊಡೆದರು. ಊರವರೆಲ್ಲ ಹೆಸರಿಟ್ಟು ಕರೆಯುತ್ತಿದ್ದ ಮೀನು ಅದು. ಈಜುವವರ ಹಿಂದೆ ನಾಯಿ ಹಾಗೆ ಬರುತ್ತಿತ್ತಂತೆ. ಹೊಡೆದವರಿಗೆ 500 ಡಾಲರ್ ದಂಡ ಬಿತ್ತು, ಜನಕ್ಕೆ ಅದು ಸಾಲದು ಅನ್ನಿಸಿತು, ಗದ್ದಲವಾಯಿತು. ಮರುವರ್ಷ ಗಾಳ ಹಾಕಿ ಹಿಡಿಯುವುದನ್ನೂ ಸರಕಾರ ನಿಲ್ಲಿಸಿತು. ಹೊಸದಾಗಿ ಬಂದ ನಮ್ಮಂಥವರು ಅಲ್ಲಿಗೆ ಈಟಿ ಹಿಡಿದು ಹೋಗುವಾಗ ಎಷ್ಟು ಎಚ್ಚರ ಇರಬೇಕು ನೋಡ್ರಿ. ನಮ್ಮ ಮುಖ ಮೊದಲೇ ಬೇರೆ.

ಬೆಳಿಗ್ಗೆ ಐದಕ್ಕೆ ಟೂಂಗಾಬಿ ಬಿಟ್ಟೆವು. ಗೆಳೆಯರ ಯೂಟ್ ಗಾಡಿ, ಹಿಂದೆ ಸಾಮಾನು. ಎಂ5 ರಸ್ತೆ ಮುಗಿಸಿ ಕ್ಯಾಪ್ಟನ್ ಕುಕ್ ಡ್ರೈವಿಗೆ ಬರುವಷ್ಟರಲ್ಲಿ ಬೆಳಕಾಗಿತ್ತು. ಕರ್ನೆಲ್ ಅನ್ನುವುದು ಬಾಟನಿ ಬೇ ಕೊಲ್ಲಿಯ ದಕ್ಷಿಣದ ತೋಳು. ಒಂದು ಪಕ್ಕ ಎಣ್ಣೆ ಟ್ಯಾಂಕುಗಳು, ಸಮುದ್ರದ ನೀರಿನಿಂದ ಕುಡಿಯುವ ನೀರು ತೆಗೆಯುವ ಸ್ಥಾವರ. ಇನ್ನೊಂದು ಪಕ್ಕ ರಾಷ್ಟ್ರೀಯ ಉದ್ಯಾನ. ಕೊಲ್ಲಿಯ ಆಚೆ ದಡದಲ್ಲಿ ವಿಮಾನ ನಿಲ್ದಾಣದ ರನ್‌ವೇ ನೀರಿನೊಳಕ್ಕೇ ಚಾಚಿಕೊಂಡಿದೆ. ನಾವೂ, ನೀವೂ, ನಮ್ಮ ಸೂಟ್‌ಕೇಸಿನ ಉಪ್ಪಿನಕಾಯಿ ಬಾಟಲಿಗಳೂ ಈ ದೇಶಕ್ಕೆ ಇಳಿದದ್ದು ಅಲ್ಲೇ.

ನಮಗಿಂತ ಮೊದಲು ಅಲ್ಲಿ ಇಳಿದವರ ಗುರುತಿಗೆ ಒಂದು ಕಂಬ ಇದೆ. 1770ರ ಏಪ್ರಿಲ್ ಕೊನೆಯಲ್ಲಿ ಜೇಮ್ಸ್ ಕುಕ್‌ನ ಹಡಗು ಎಂಡೆವರ್ ಇಲ್ಲಿಗೆ ಬಂತು. ದಡದಲ್ಲಿದ್ದವರು ಗ್ವೀಗಲ್ ಜನ. ಇಬ್ಬರು ಗಂಡಸರು ಇಳಿಯಬೇಡಿ ಅಂತ ಎದುರು ನಿಂತರು. ಕುಕ್‌ನ ಕಡೆಯಿಂದ ಗುಂಡು ಹಾರಿತು, ಒಬ್ಬನಿಗೆ ತಗುಲಿತು. ಆಮೇಲೆ ಅವರ ಗುಡಿಸಲುಗಳಲ್ಲಿದ್ದ ನಲವತ್ತರಷ್ಟು ಈಟಿಗಳನ್ನು ಹಡಗಿನವರು ಎತ್ತಿಕೊಂಡು ಹೋದರು. ಮೊದಲು ವಿಷದ ಈಟಿ ಇರಬೇಕು ಅಂತ ಅವರಿಗೆ ಅನುಮಾನ. ಹತ್ತಿರದಿಂದ ನೋಡಿದರೆ ಮೊನೆಗಳಿಗೆ ಕಡಲಕಳೆ ಅಂಟಿತ್ತು. ಮೀನು ಹೊಡೆಯುವ ಈಟಿಗಳು ಅಂತ ಆಗ ತಿಳಿಯಿತು. ತಿಳಿದ ಮೇಲೂ ವಾಪಸು ಇಡಲಿಲ್ಲ. ಅವುಗಳಲ್ಲಿ ನಾಲ್ಕು ಇಂಗ್ಲೆಂಡಿನ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ 1771ರಲ್ಲಿ ಸೇರಿದವು. ಅವು ಇಲ್ಲಿನ ಮೂಲನಿವಾಸಿಗಳ ಕೈಗೆ ಮರಳಿ ಬಂದದ್ದು 2024ರ ಏಪ್ರಿಲ್‌ನಲ್ಲಿ, 254 ವರ್ಷದ ಮೇಲೆ. ಸುದ್ದಿಯಲ್ಲಿ ಚಿತ್ರ ನೋಡಿದ್ದೆವು. ಉದ್ದನೆಯ ಕೋಲು, ತುದಿಗೆ ಮೂಳೆಯ ಮೊನೆ, ಗಿಡದ ಅಂಟಿನಿಂದ ಬಿಗಿದದ್ದು.

ಇದನ್ನು ಯಾಕೆ ಹೇಳಿದೆವೆಂದರೆ, ಗೆಳೆಯರು ಗಾಡಿಯಿಂದ ತೆಗೆದು ನಮ್ಮ ಕೈಗೆ ಕೊಟ್ಟದ್ದೂ ಹೆಚ್ಚುಕಡಿಮೆ ಅಂಥದ್ದೇ. ನಾವು ಬಂದೂಕಿನ ಥರದ್ದು, ಕುದುರೆ ಒತ್ತಿದರೆ ಹಾರುವಂಥದ್ದು ಸಿಗುತ್ತದೆ ಅಂದುಕೊಂಡಿದ್ದೆವು. "ಅದೆಲ್ಲ ಆಮೇಲೆ. ಮೊದಲ ದಿನ ಕೈ ಈಟಿ" ಅಂದರು. ಎರಡು ಮೀಟರಿನಷ್ಟು ಉದ್ದದ ಹಗುರ ಕೋಲು, ಮುಂದೆ ಮೂರು ಮೊನೆ, ಹಿಂದೆ ಒಂದು ರಬ್ಬರಿನ ಕುಣಿಕೆ. ಕುಣಿಕೆಯನ್ನು ಹೆಬ್ಬೆರಳ ಸಂದಿಗೆ ಹಾಕಿ, ಕೋಲಿನ ಉದ್ದಕ್ಕೂ ಕೈ ಮುಂದೆ ಚಾಚಿ ಬಿಗಿಹಿಡಿಯಬೇಕು. ಕೈ ಸಡಿಲ ಬಿಟ್ಟರೆ ಈಟಿ ಜಿಗಿಯುತ್ತದೆ. ಕವಣೆ ಕಲ್ಲಿನ ಲೆಕ್ಕವೇ. ಗುರಿ ಒಂದು ಮಾರು ದೂರದೊಳಗಿರಬೇಕು, ಅದಕ್ಕಿಂತ ಆಚೆ ಹೊಡೆದರೆ ನೀರಿಗೆ ಹೊಡೆದಂತೆ.

ಇಬ್ಬರೂ ಕೊಲ್ಲಿಯ ಒಳಗೆ ಇಳಿಯಲಿಲ್ಲ. ಭೂಶಿರ ದಾಟಿ, ಕಡಲಿನ ಕಡೆಯ ಒಂದು ಕಲ್ಲುಚಪ್ಪಡಿಯ ಹತ್ತಿರ ಹೋದೆವು. ಅಲ್ಲಿ ಗೆಳೆಯರು ಸುಮ್ಮನೆ ಕೂತುಬಿಟ್ಟರು. ಐದು ನಿಮಿಷ, ಹತ್ತು ನಿಮಿಷ. ನಾವು ಗಡಿಯಾರ ನೋಡಿಕೊಂಡೆವು. "ಅವಸರ ಮಾಡ್ಬೇಡಿ. ಇದು ಬಾವಿ ಅಲ್ಲ" ಅಂದರು. ಅಲೆಗಳು ಒಂದೇ ಸಮ ಬರೋದಿಲ್ಲ. ಸಣ್ಣವು ಹತ್ತಾರು ಬಂದು, ನಡುವೆ ನಾಲ್ಕೈದು ದೊಡ್ಡವು ಒಟ್ಟಿಗೆ ಬರುತ್ತವೆ. ಸಣ್ಣದ್ದನ್ನೇ ನೋಡಿ ನಂಬಿದವರನ್ನು ದೊಡ್ಡದ್ದು ಎತ್ತಿಕೊಂಡು ಹೋಗುತ್ತದೆ. ಈ ಕರಾವಳಿಯ ಬಂಡೆಗಳ ಮೇಲೆ ಗಾಳ ಹಾಕುತ್ತ ನಿಂತು ಸತ್ತವರಲ್ಲಿ ನಮ್ಮ ಹಾಗೆ ಹೊರದೇಶದಿಂದ ಬಂದವರು ಬಹಳ. ಅದಕ್ಕೇ ಅಲ್ಲಲ್ಲಿ ಕಂಬಕ್ಕೆ ತೇಲುಬಳೆ ಕಟ್ಟಿಟ್ಟಿದ್ದಾರೆ. ಇಪ್ಪತ್ತು ನಿಮಿಷ ನೋಡಿದ ಮೇಲೆ ಗೆಳೆಯರು ಎದ್ದು, "ಇವತ್ತು ಆಗ್ತದೆ. ಗಾಳಿ ಪಶ್ಚಿಮದ್ದು, ನೀರು ಮಲಗಿದೆ" ಅಂದರು. ಆಗೋದಿಲ್ಲ ಅಂತ ಅನ್ನಿಸಿದ್ದರೆ ಚಹಾ ಕುಡಿದು ಮನೆಗೆ ಹೋಗುತ್ತಿದ್ದೆವಂತೆ. ಎಷ್ಟೋ ಸಲ ಹಾಗೆ ಹೋಗಿದ್ದಾರಂತೆ.

ವೆಟ್‌ಸೂಟ್ ಹಾಕಿಕೊಳ್ಳುವ ಕತೆ ಬರೆಯೋದು ಬೇಡ. ಹೊಟ್ಟೆಯ ಹತ್ತಿರ ಬಂದು ನಿಂತಿತು, ಗೆಳೆಯರು ಹಿಂದಿನಿಂದ ಎಳೆದರು, ಅಷ್ಟು ಸಾಕು. ಅದರ ಮೇಲೆ ಸೊಂಟಕ್ಕೆ 7 ಕೆಜಿ ಸೀಸದ ಪಟ್ಟಿ. ಆ ದಪ್ಪ ರಬ್ಬರ್ ಬಟ್ಟೆ ತೇಲುತ್ತದೆ, ಮುಳುಗಿಸಲು ಸೀಸ ಬೇಕು. ಪಟ್ಟಿಯ ಬಕಲು ಒಂದೇ ಕೈಯಲ್ಲಿ ಬಿಚ್ಚುವಂಥದ್ದು. ಅದನ್ನು ಕಣ್ಣು ಮುಚ್ಚಿ ಹತ್ತು ಸಲ ಬಿಚ್ಚಿಸಿದರು. "ಏನಾದ್ರೂ ಆದ್ರೆ ಮೊದಲು ಇದು ಬೀಳ್ಬೇಕು. ಈಟಿ ಹೋದ್ರೂ ಹೋಗ್ಲಿ, ಸೀಸ ಹೋದ್ರೂ ಹೋಗ್ಲಿ. ದುಡ್ಡು ನಾನು ಕೊಡ್ತೇನೆ, ಆಯ್ತಾ?"

ಆಮೇಲೆ ಉಸಿರಿನ ಪಾಠ. ಇಲ್ಲಿ ಸ್ವಲ್ಪ ನಿಲ್ಲಬೇಕು.

"ಹೇಗೆ ಮುಳುಗ್ತೀರಿ, ಒಮ್ಮೆ ಮಾಡಿ ತೋರ್ಸಿ" ಅಂದರು. ನಾವು ಬಾವಿಯ ಕಟ್ಟೆಯ ಮೇಲೆ ನಿಂತವರ ಹಾಗೆ ಎದೆಯುಬ್ಬಿಸಿ ಬುಸ್ ಬುಸ್ ಅಂತ ಹತ್ತು ಸಲ ಉಸಿರು ಎಳೆದು ಬಿಟ್ಟು, ಹನ್ನೊಂದನೆಯದನ್ನು ಕಟ್ಟಿ ತೋರಿಸಿದೆವು. ನಮ್ಮೂರಲ್ಲಿ ಎಲ್ಲ ಹುಡುಗರೂ ಹಾಗೇ. ಮೂರಾಳು ನೀರಿನ ತಳಕ್ಕೆ ಹೋಗಿ ಮುಷ್ಟಿ ತುಂಬ ಕೆಸರು ತಂದು ತೋರಿಸಿದವನೇ ಶೂರ. ಎಷ್ಟು ಹೆಚ್ಚು ಬುಸ್ ಬುಸ್ ಮಾಡಿದರೆ ಅಷ್ಟು ಹೆಚ್ಚು ಹೊತ್ತು ಇರಬಹುದು ಅನ್ನೋದು ನಮ್ಮ ಗರಡಿಯ ವಿದ್ಯೆ.

ಗೆಳೆಯರು ನಗಲಿಲ್ಲ. "ಇದನ್ನು ಯಾವತ್ತೂ ಮಾಡ್ಬಾರ್ದು" ಅಂದರು. ಅವರು ಹೇಳಿದ್ದನ್ನು ಆಮೇಲೆ ನಾವೂ ಓದಿ ತಿಳಿದುಕೊಂಡೆವು. ಉಸಿರು ಬೇಕು ಅಂತ ಮೈ ಕೂಗೋದು ಆಮ್ಲಜನಕ ಕಡಿಮೆ ಆದದ್ದಕ್ಕಲ್ಲ, ಮುಖ್ಯವಾಗಿ ಒಳಗೆ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡದ್ದಕ್ಕೆ. ಬುಸ್ ಬುಸ್ ಮಾಡಿದಾಗ ಆಮ್ಲಜನಕ ಹೆಚ್ಚೇನೂ ಸೇರೋದಿಲ್ಲ, ಡೈಆಕ್ಸೈಡ್ ಮಾತ್ರ ಹೊರಗೆ ಹೋಗಿಬಿಡುತ್ತದೆ. ಅಂದರೆ ಎಚ್ಚರಿಸುವ ಗಂಟೆಯನ್ನೇ ನಾವು ಕಟ್ಟಿಹಾಕಿದ ಹಾಗೆ. ನೀರೊಳಗೆ ಹಾಯಾಗಿರುತ್ತದೆ, ಇನ್ನೂ ಇರಬಹುದು ಅನ್ನಿಸುತ್ತದೆ, ಅಷ್ಟರಲ್ಲಿ ಆಮ್ಲಜನಕ ಮುಗಿದಿರುತ್ತದೆ. ಮೇಲೆ ಬರುತ್ತ ಬರುತ್ತ ನೀರಿನ ಒತ್ತಡ ಇಳಿದ ಹಾಗೆ ಇದ್ದಬದ್ದ ಆಮ್ಲಜನಕವೂ ರಕ್ತಕ್ಕೆ ದಕ್ಕೋದಿಲ್ಲ. ಕೊನೆಯ ಒಂದೆರಡು ಮೀಟರಿನಲ್ಲಿ, ಕೆಲವೊಮ್ಮೆ ತಲೆ ಮೇಲೆ ಬಂದ ಮೇಲೆಯೂ, ದೀಪ ಆರಿದ ಹಾಗೆ ಎಚ್ಚರ ತಪ್ಪುತ್ತದೆ. ಒದ್ದಾಟ ಇಲ್ಲ, ಕೂಗು ಇಲ್ಲ. ಈಜು ಚೆನ್ನಾಗಿ ಬಲ್ಲವರಿಗೇ ಇದು ಹೆಚ್ಚು, ಯಾಕೆಂದರೆ ಬಾರದವರು ಅಷ್ಟು ಹೊತ್ತು ಒಳಗೆ ಇರೋದೇ ಇಲ್ಲ. ಅದಕ್ಕೇ ಒಬ್ಬರು ಕೆಳಗೆ ಹೋದರೆ ಇನ್ನೊಬ್ಬರು ಮೇಲೆ ನೋಡುತ್ತ ಇರಬೇಕು. ಮೇಲೆ ಬಂದ ಮೇಲೂ ಅರ್ಧ ನಿಮಿಷ ಕಣ್ಣು ತೆಗೆಯಬಾರದು.

ಇದನ್ನು ಕೇಳುವಾಗ ನಮಗೆ ಬಂಡೆಯ ಮೇಲೆ ನಿಂತ ಕಾಲು ತಣ್ಣಗಾಯಿತು. ನಾವು ಏಳನೇ ಇಯತ್ತೆಯಲ್ಲಿದ್ದಾಗ ನಮ್ಮ ಓಣಿಯ ಒಬ್ಬ ಹುಡುಗ ಬಾವಿಯಲ್ಲಿ ಹೋದ. ನಮಗಿಂತ ಎರಡು ವರ್ಷ ದೊಡ್ಡವ. ನಮಗೆಲ್ಲ ಈಜು ಕಲಿಸಿದವನೇ ಅವನು. ಬೆನ್ನಿಗೆ ಕಟ್ಟಿದ ಬೆಂಡು ಬಿಚ್ಚಿ, ದಂಡೆಯಿಂದ ನಮ್ಮನ್ನು ದೂಡಿದ ಕೈ ಅವನದು. ಎಲ್ಲರೂ ನೋಡುತ್ತಿದ್ದಂತೆಯೇ ಮುಳುಗಿದ, ಕೆಸರು ತರುತ್ತಾನೆ ಅಂತ ಕಾಯುತ್ತ ನಿಂತೆವು. 'ಬಾವಿ ಬಲಿ ತಗೊಂಡ್ತು' ಅಂದರು ಹಿರಿಯರು. ಕಾಲು ಸಿಕ್ಕಿಬಿದ್ದಿತ್ತು ಅಂದವರೂ ಇದ್ದರು. ಎತ್ತಿದವರು ಎಲ್ಲೂ ಸಿಕ್ಕಿರಲಿಲ್ಲ ಅಂದರು. ಈಗ ಆ ಬಾವಿಯೂ ಇಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಊರೇ ಮುಳುಗಡೆಯಾಯಿತು. ಮೂವತ್ತು ವರ್ಷದ ಮೇಲೆ, ಇಷ್ಟು ದೂರದ ಒಂದು ಬಂಡೆಯ ಮೇಲೆ ಮಲ್ಪೆಯವರೊಬ್ಬರ ಬಾಯಿಂದ ಇದನ್ನು ಕೇಳಬೇಕಾಯಿತು. ಹಾಗೇ ಆಗಿತ್ತು ಅಂತ ನಾವು ಹೇಳಲಾರೆವು. ಆದರೆ ಕೇಳಿದ ಮೇಲೆ ಬೇರೆ ಏನೂ ಹೊಳೆಯಲಿಲ್ಲ.

ಗೆಳೆಯರಿಗೆ ಏನೂ ಹೇಳಲಿಲ್ಲ. "ಆತ್ರೀ, ನೀವು ಹೇಳಿದಂಗ ಮಾಡ್ತೇವಿ" ಅಂದು ನೀರಿಗೆ ಇಳಿದೆವು.

ನೀರು 20 ಡಿಗ್ರಿ ಇದ್ದಿರಬೇಕು. ಬೆನ್ನಿನಲ್ಲಿ ಒಂದು ಎಳೆ ತಣ್ಣೀರು ಹರಿದು, ಆಮೇಲೆ ಮೈಬಿಸಿಗೆ ತಾನೇ ಬೆಚ್ಚಗಾಯಿತು. ಗೆಳೆಯರ ಹಿಂದೆ ಹಗ್ಗದಲ್ಲಿ ಒಂದು ಕಿತ್ತಳೆ ಬಣ್ಣದ ತೇಲುಗುಂಡು, ಅದರ ಮೇಲೆ ನೀಲಿ ಬಿಳಿ ಬಾವುಟ. ಕೆಳಗೆ ಮನುಷ್ಯರಿದ್ದಾರೆ ಅಂತ ದೋಣಿಯವರಿಗೆ ಸೂಚನೆ. ಮುಖ ನೀರಿಗೆ ಇಟ್ಟೆವು ನೋಡ್ರಿ, ಮೇಲಿನ ಗದ್ದಲವೆಲ್ಲ ಒಮ್ಮೆಲೇ ನಿಂತಿತು. ಎಣ್ಣೆಯಲ್ಲಿ ಸಾಸಿವೆ ಚಟಪಟ ಅನ್ನುವಂಥ ಸದ್ದು ಒಂದು, ಎಲ್ಲ ಕಡೆಯಿಂದ. ನಮ್ಮ ಉಸಿರಿನ ಸದ್ದು ಇನ್ನೊಂದು. ಕೆಳಗೆ ಕಂದು ಬಣ್ಣದ ಕೆಲ್ಪ್ ಕಳೆ ಜೋಳದ ಹೊಲ ಗಾಳಿಗೆ ತೂಗುವ ಹಾಗೆ ಅತ್ತ ಇತ್ತ ತೂಗುತ್ತಿತ್ತು. ಅಲೆ ಬಂದಾಗ ಹೊಲ, ಮೀನು, ನಾವು ಎಲ್ಲ ಒಟ್ಟಿಗೇ ಒಂದು ಕಡೆಗೆ ಸರಿದು ಮತ್ತೆ ವಾಪಸು. ಮೊದಲು ತಲೆ ತಿರುಗಿತು. ಆಮೇಲೆ ತೊಟ್ಟಿಲಿನ ಹಾಗೆ ಅನ್ನಿಸಿತು.

ಬಾವಿಯ ವಿದ್ಯೆ ಒಂದೇ ಉಪಯೋಗಕ್ಕೆ ಬಂದದ್ದು, ಕಿವಿ ಬಿಡಿಸಿಕೊಳ್ಳೋದು. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿಯೊಳಗೆ ಟಿಕ್ ಅನ್ನುತ್ತದೆ. ನೋಯುವ ಮೊದಲೇ ಮಾಡಬೇಕು, ನೋವು ಬಂದ ಮೇಲೆ ಅಲ್ಲ. ಮೊದಲ ಸಲ ಮೂರು ಮೀಟರ್, ಆಮೇಲೆ ಐದು. ಒಂದು ಬಂಡೆಯ ಕೆಳಗೆ ಹಳೆ ಕಂಬಳಿ ಎಸೆದ ಹಾಗೆ ಏನೋ ಬಿದ್ದಿತ್ತು. ಈಟಿಯಿಂದ ಸರಿಸೋಣ ಅಂದುಕೊಂಡಾಗ ಕಂಬಳಿಗೆ ಕಣ್ಣು ಕಾಣಿಸಿತು. ವಾಬಿಗಾಂಗ್ ಎಂಬ ಶಾರ್ಕ್. ಕೆಣಕದಿದ್ದರೆ ಏನೂ ಮಾಡೋದಿಲ್ಲವಂತೆ, ಕೆಣಕಿದರೆ ಕಚ್ಚಿ ಬಿಡೋದಿಲ್ಲವಂತೆ. ನಾವು ಐದು ಮೀಟರ್ ನೀರನ್ನು ಒಂದೇ ಒದೆತಕ್ಕೆ ಮೇಲೆ ಬಂದೆವು. ಗೆಳೆಯರು ನೀರೊಳಗೇ ನಕ್ಕದ್ದು ಸ್ನಾರ್ಕೆಲ್ ಕೊಳವೆಯಿಂದ ಕೇಳಿಸಿತು.

ಒಂದು ಗ್ರೋಪರೂ ಬಂತು. ನೀಲಿಯಲ್ಲ, ಕಂದು ಬಣ್ಣದ್ದು. ಹುಟ್ಟುವಾಗ ಎಲ್ಲ ಹೆಣ್ಣು, ಬಣ್ಣ ಕಂದು. ಅವುಗಳಲ್ಲಿ ಕೆಲವು ಮುಂದೆ ಗಂಡಾಗಿ ನೀಲಿಗೆ ತಿರುಗುತ್ತವೆ. ನಮ್ಮ ಈಟಿಯ ತುದಿಯ ಹತ್ತಿರವೇ ಬಂದು ಒಂದು ಕಣ್ಣಿನಿಂದ ನೋಡಿತು. ಇದಕ್ಕೆ ಹೆದರಿಕೆಯೇ ಇಲ್ಲ. 1969ರಿಂದ ತನಗೆ ಈಟಿ ಹೊಡೆಯುವಂತಿಲ್ಲವೆಂದು ಅದಕ್ಕೆ ಗೊತ್ತಿರಲಿಕ್ಕಿಲ್ಲ, ಆದರೆ ಗೊತ್ತಿದ್ದಂತೆಯೇ ಇತ್ತು. ಆ ಮೀನಿನ ಮುಂದೆ ಈಟಿಯನ್ನು ಬೆನ್ನ ಹಿಂದೆ ಮಾಡಿಕೊಂಡದ್ದು ನಾವೇ.

ಹೊಡೆಯಲು ಹೋದದ್ದು ಲೂಡರಿಕ್ ಮೀನಿಗೆ. ಬೂದಿ ಬಣ್ಣ, ಮೈಮೇಲೆ ಅಡ್ಡಡ್ಡ ಕಪ್ಪು ಪಟ್ಟೆ, ಬಂಡೆಗೆ ಬಡಿದ ಅಲೆಯ ಬಿಳಿ ನೊರೆಯ ಕೆಳಗೆ ಹಿಂಡು ಹಿಂಡಾಗಿ ಇರುತ್ತವೆ. ಹೆಚ್ಚಾಗಿ ಕಡಲಕಳೆ ತಿಂದು ಬದುಕುವ ಮೀನು. ಸಸ್ಯಾಹಾರಿ ಅಂದರೂ ನಡೆದೀತು. ನಾವು ನಾಲ್ಕು ಸಲ ಹೊಡೆದೆವು, ನಾಲ್ಕೂ ನೀರಿಗೇ. ಅಟ್ಟಿಸಿಕೊಂಡು ಹೋದರೆ ಓಡುತ್ತವೆ. "ನೀವು ಸಾಲ ವಸೂಲಿಗೆ ಹೋದವರ ಹಾಗೆ ಹೋಗ್ತೀರಿ. ತಳದಲ್ಲಿ ಕಳೆ ಹಿಡ್ಕೊಂಡು ಸುಮ್ಮನೆ ಮಲಗಿ. ಅವೇ ನೋಡ್ಲಿಕ್ಕೆ ಬರ್ತವೆ" ಅಂದರು ಗೆಳೆಯರು.

ಐದನೇ ಸಲ ಹಾಗೇ ಮಾಡಿದೆವು. ಮೇಲೆ ಎರಡು ನಿಮಿಷ ಮೆಲ್ಲಗೆ ಉಸಿರಾಡಿ, ಬುಸ್ ಬುಸ್ ಇಲ್ಲದೆ ಒಂದೇ ಉಸಿರು ತುಂಬಿಕೊಂಡು ಇಳಿದೆವು. ಕಳೆ ಹಿಡಿದು ಮಲಗಿದೆವು. ಕಣ್ಣು ಕೆಳಗೆ. ಮೀನಿನ ಮುಖ ದಿಟ್ಟಿಸಿ ನೋಡಬಾರದಂತೆ. ಹಿಂಡು ನಿಧಾನ ತಿರುಗಿ ಬಂತು. ಒಂದು ಮೀನು ಬೇರೆಯವುಗಳಿಂದ ಬಿಡಿಸಿಕೊಂಡು ಪಕ್ಕಕ್ಕೆ ತಿರುಗಿತು. ಅಗಲವಾದ ಮೈ. ದೊಡ್ಡದು ಅನ್ನಿಸಿತು. ಅಳತೆಯ ಪಟ್ಟಿ ತಲೆಯಲ್ಲಿ ಬಂದದ್ದೂ ನಿಜ. ಮೂವತ್ತಕ್ಕೆ ಮೇಲಿದೆ, ಮೂವತ್ತೈದೇ ಇರಬೇಕು ಅಂದುಕೊಂಡೆವು. ಕೈ ಬಿಟ್ಟಿತು.

ಈಟಿಗೆ ಮೀನು ಸಿಕ್ಕಿದಾಗ ಅದರ ನಡುಕ ಕೋಲಿನಗುಂಟ ಬಂದು ಮೊಳಕೈಯವರೆಗೆ ತಟ್ಟುತ್ತದೆ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದರೂ ತಿಳಿಯುತ್ತಿರಲಿಲ್ಲವೇನೋ. ಅಂಗಡಿಯಲ್ಲಿ ತಂದ ಮೀನಿಗೆ ನಡುಕ ಇರೋದಿಲ್ಲವಲ್ಲ. ಮೇಲೆ ಬಂದೆವು, ಗೆಳೆಯರು ಮೊದಲು ನಮ್ಮ ಕಣ್ಣು ನೋಡಿದರು, ನಮ್ಮ ಉಸಿರು ನೋಡಿದರು, ಆಮೇಲೆ ಮೀನಿಗೆ ಕೈ ಹಾಕಿದರು. ಸಣ್ಣ ಚಾಕು ತೆಗೆದು ಕಣ್ಣಿನ ಹಿಂದೆ ಮೆದುಳಿಗೆ ಚುಚ್ಚಿದರು. ನಡುಕ ನಿಂತಿತು. ಹಾಗೆ ಮಾಡದೆ ಒದ್ದಾಡಲು ಬಿಡಬಾರದು ಅನ್ನೋದು ಅವರ ನಿಯಮ.

"ಹೊಡೆದ್ರಲ್ಲ ಮಾರಾಯ್ರೆ!" ಅಂದವರು ಮೀನನ್ನು ತೇಲುಗುಂಡಿನ ಮೇಲೆ ಅಂಟಿಸಿದ್ದ ಅಳತೆಪಟ್ಟಿಗೆ ಹಿಡಿದರು. ಮೂತಿಯಿಂದ ಬಾಲದ ತುದಿಯವರೆಗೆ. ಸುಮ್ಮನಾದರು. ಮತ್ತೊಮ್ಮೆ ಹಿಡಿದರು. ಬಾಲ ಒತ್ತಿ ನೇರ ಮಾಡಿದರು.

26.

ನಾವೂ ಅಳೆದೆವು. 26ಕ್ಕೆ ಒಂದು ಕೂದಲೆಳೆ ಮೇಲೆ. 27 ಅಲ್ಲ.

ನೀರೊಳಗೆ ಮಾಸ್ಕಿನ ಗಾಜಿನಿಂದ ನೋಡಿದರೆ ಎಲ್ಲ ವಸ್ತುವೂ ಮೂರನೇ ಒಂದು ಪಾಲು ದೊಡ್ಡದಾಗಿ, ಕಾಲು ಪಾಲು ಹತ್ತಿರ ಇರುವಂತೆ ಕಾಣುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕು ಬಾಗುವುದರಿಂದ ಹೀಗೆ. ಗೆಳೆಯರು ಗಾಡಿಯಲ್ಲಿ ಇದನ್ನೂ ಹೇಳಿದ್ದರು. ನಾವು ತಲೆಯಾಡಿಸಿದ್ದೆವು. 26ಕ್ಕೆ ಮೂರನೇ ಒಂದು ಪಾಲು ಸೇರಿಸಿದರೆ 35ರ ಹತ್ತಿರ. ಲೆಕ್ಕ ಸರಿಯಾಗಿಯೇ ತಪ್ಪಿತ್ತು. ಇಪ್ಪತ್ತು ವರ್ಷ ಅಂಕಿ ನೋಡಿದ ಕಣ್ಣು ಇದು. ಗಾಳದವರಾದರೆ ಚಿಕ್ಕ ಮೀನನ್ನು ಕೊಕ್ಕೆ ಬಿಡಿಸಿ ಬಿಡುತ್ತಾರೆ, ಅದು ಬದುಕಿಕೊಳ್ಳುತ್ತದೆ. ಪುಸ್ತಕದಲ್ಲಿ ತಪ್ಪು ಬರೆದರೆ ಉಲ್ಟಾ ಎಂಟ್ರಿ ಹಾಕಿ ಸರಿಮಾಡುತ್ತೇವೆ. ಈಟಿಗೆ ಉಲ್ಟಾ ಎಂಟ್ರಿ ಇಲ್ಲ.

ಅದು ಗೊತ್ತಿದ್ದೂ ಬಾಯಿಂದ ಬಂದ ಮಾತು ಕೇಳ್ರಿ. "ಹೆಂಗೂ ಸತ್ತದ. ಒಂದು ಸೆಂಟಿಮೀಟರ್ರೀ. ಯಾರು ನೋಡ್ತಾರ?"

ಗೆಳೆಯರು ನಮ್ಮ ಕಡೆ ನೋಡಿದರು. ಮಾಸ್ಕಿನ ಒಳಗೆ ಕಣ್ಣು ನಗುತ್ತಿತ್ತೋ ಇಲ್ಲವೋ ತಿಳಿಯಲಿಲ್ಲ.

"ನಲವತ್ತು ಡಾಲರ್ ಬೂಟು ನೆನಪುಂಟಾ ನಿಮಗೆ?" ಅಂದರು.

ಮೇಲೆ ಒಂದು ವಿಮಾನ ಕೊಲ್ಲಿಯ ಕಡೆಗೆ ಇಳಿಯುತ್ತಿತ್ತು. ಅದರ ಸದ್ದು ಹೋಗುವವರೆಗೂ ನಾವು ಏನೂ ಹೇಳಲಿಲ್ಲ. ಆಮೇಲೆ ಮೀನನ್ನು ನಾವೇ ಕೈಗೆ ತೆಗೆದುಕೊಂಡು ನೀರಿಗೆ ಬಿಟ್ಟೆವು. ಅಳತೆಗಿಂತ ಚಿಕ್ಕದ್ದು ಸತ್ತಿದ್ದರೂ ಇಟ್ಟುಕೊಳ್ಳುವಂತಿಲ್ಲ. ಅದು ಪಕ್ಕಕ್ಕೆ ಹೊರಳಿ, ಬೆಳ್ಳಗೆ ಮಿನುಗುತ್ತ, ತೂಗುವ ಕಳೆಯೊಳಗೆ ಇಳಿಯಿತು. ಸಣ್ಣ ಮೀನುಗಳು ಆಗಲೇ ಸುತ್ತ ಸೇರಿದ್ದವು. ತಳ ಮುಟ್ಟುವ ತನಕ ನೋಡಿದೆವು. ಗೆಳೆಯರೂ ನೋಡಿದರು. ಅವರೂ ಮೊದಲ ವರ್ಷ ಹೀಗೆ ಮೂರು ಬಿಟ್ಟಿದ್ದಾರಂತೆ, ಅದನ್ನು ಹೇಳಿದ್ದು ಗಾಡಿಯಲ್ಲಿ ವಾಪಸು ಬರುವಾಗ.

ಇನ್ನೂ ಒಂದು ತಾಸು ನೀರಲ್ಲಿದ್ದೆವು. ನಾವು ಈಟಿಯನ್ನು ತೇಲುಗುಂಡಿಗೆ ಸಿಕ್ಕಿಸಿ, ಬರಿಗೈಯಲ್ಲಿ ಇಳಿದು ಮೀನಿನ ಅಳತೆ ಹೇಳುವುದನ್ನು ಅಭ್ಯಾಸ ಮಾಡಿದೆವು. ಬಂಡೆಯ ಮೇಲಿನ ಒಂದು ಚಿಪ್ಪು ನೋಡಿ ಎಷ್ಟಿದೆ ಅಂತ ಅಂದಾಜಿಸೋದು, ಆಮೇಲೆ ಗೇಣು ಹಾಕಿ ನೋಡೋದು. ನಮ್ಮ ಗೇಣು 21 ಸೆಂಟಿಮೀಟರ್. ಪ್ರತಿ ಸಲವೂ ಹೆಚ್ಚೇ ಹೇಳಿದೆವು. ಕೊನೆಕೊನೆಗೆ ತಪ್ಪು ಸ್ವಲ್ಪ ಕಡಿಮೆಯಾಯಿತು. ಗೆಳೆಯರು ಎರಡು ಲೂಡರಿಕ್ ಹೊಡೆದರು, ಒಂದು 31, ಇನ್ನೊಂದು 33. ದೊಡ್ಡದನ್ನು ನಮಗೆ ಕೊಟ್ಟರು. ಬೇಡ ಅಂದೆವು. "ಮನೆಯಲ್ಲಿ ಅಕ್ಕ ಬೈತಾರೆ, ತಗೊಳ್ಳಿ" ಅಂದರು.

ಲೂಡರಿಕ್ ಮೀನು ತರುವವರಿಗೆ ಒಂದು ಸೂಚನೆ. ಕೂಡಲೇ ರಕ್ತ ತೆಗೆದು ಐಸಿನಲ್ಲಿ ಇಡಬೇಕು. ಹೊಟ್ಟೆಯ ಒಳಗಿನ ಕಪ್ಪು ಪೊರೆಯನ್ನು ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಕಳೆಯ ವಾಸನೆ ಬರುತ್ತದೆ. ನಮ್ಮ ಮನೆಯವರು ಹುಣಸೆಹಣ್ಣು, ಬ್ಯಾಡಗಿ ಖಾರ, ಅರಿಶಿನ ಹಚ್ಚಿ ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದರು. ಚೆನ್ನಾಗಿತ್ತು. ಮಗಳು ತಿನ್ನುತ್ತ, "ಅಪ್ಪಾ, ಇದು ನೀವು ಹಿಡಿದದ್ದಾ?" ಅಂತ ಕೇಳಿದಳು. ಇಲ್ಲ, ಮಾಮಾ ಹಿಡಿದದ್ದು ಅಂದೆವು. "ಮತ್ತೆ ನೀವು?" ನಾವು ಹಿಡಿದದ್ದು ವಾಪಸು ಬಿಟ್ಟೆವು ಅಂದೆವು. ಅವಳಿಗೆ ಅದು ಒಳ್ಳೆಯ ಕೆಲಸ ಅನ್ನಿಸಿ ಖುಷಿಯಾದಳು. ಅದನ್ನು ಬಿಡಿಸಿ ಹೇಳಲು ಎರಡು ದಿನ ಹಿಡಿಯಿತು.

ರಾತ್ರಿ ಊಟವಾದ ಮೇಲೆ ಊರಿಗೆ ಫೋನ್ ಮಾಡಿದೆವು. ಅಲ್ಲಿ ಸಂಜೆಯಾಗಿತ್ತು. ಅಣ್ಣ ಪುನರ್ವಸತಿ ಕೇಂದ್ರದ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಅದೂ ಇದೂ ಮಾತಾಡಿ, ಆ ಹುಡುಗನ ಹೆಸರು ತೆಗೆದೆವು. ಎಷ್ಟೋ ವರ್ಷದಿಂದ ಮನೆಯಲ್ಲಿ ಆ ಹೆಸರು ಯಾರೂ ತೆಗೆದಿರಲಿಲ್ಲ.

"ಅಣ್ಣಾ, ಅಂವಾ ಮುಳುಗೂ ಮೊದಲ ಹೆಂಗ ಉಸುರು ತಗೋತಿದ್ದ, ನೆನಪೈತೇನು?"

ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮಗೆಲ್ಲಾ ಕಲಿಸಿದಂವನ ಅಂವಲ್ಲೋ. ಹತ್ತು ಎಳಿ, ಹನ್ನೊಂದನೇದು ಕಟ್ಟು ಅಂತಿದ್ದ. ಅವತ್ತು ಇಪ್ಪತ್ತು ಎಳದಿದ್ದ. ನಾ ಎಣಸಾಕತ್ತಿದ್ನಿ."

ನಾವು ಬಂಡೆಯ ಮೇಲೆ ಕೇಳಿದ್ದನ್ನೆಲ್ಲ ಹೇಳಿದೆವು. ಅಣ್ಣನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ನಡುನಡುವೆ ಹೂಂ ಅನ್ನುತ್ತಿದ್ದ. ಕೊನೆಗೆ, "ತಡಿ" ಅಂದು ಫೋನು ಕೆಳಗಿಟ್ಟ. ಅವನ ಇಬ್ಬರು ಗಂಡುಮಕ್ಕಳು ರಜೆಯಲ್ಲಿ ದಿನಾ ಹಿನ್ನೀರಿಗೆ ಈಜಲು ಹೋಗುತ್ತಾರೆ. ಅಣ್ಣ ಓಣಿಯ ತುದಿಯವರೆಗೆ ಕೇಳುವ ಹಾಗೆ ಅವರ ಹೆಸರು ಕೂಗುತ್ತಿದ್ದದ್ದು ಇಲ್ಲಿ ಫೋನಿನಲ್ಲಿ ಕೇಳಿಸುತ್ತಿತ್ತು.